ಮನೆತನದ ಬೆರಳು

ತಂಗಿಯ ಕುಬಸ ಹತ್ತಿರ ಬಂದಾಗ ಹರಿಹರದಿಂದ ಅವ್ವ ಫೋನ್ ಮಾಡಿದಳು. ಏಳು ತಿಂಗಳ ಬಸುರಿಗೆ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬುವ ಕೆಲಸ ತವರಿನವರದು. ಹೋಳಿಗೆ ಎಷ್ಟು, ಬಳೆಗಾರ್ತಿ ಯಾರು ಎಂದೆಲ್ಲ ಹೇಳಿ ಮುಗಿಸಿದ ಮೇಲೆ ದನಿ ಇಳಿಸಿದಳು. "ಕೂಸನ್ನ ಕರ್ಕೊಂಡು ಬರಬ್ಯಾಡ. ನಿಮ್ಮತ್ತೆ ಹತ್ರ ಬಿಟ್ಟು ಬಾ. ಬಸುರಿ ಕಣ್ಣಿಗೆ ಬೀಳಬಾರ್ದು."

ಕೂಸು ಅಂದರೆ ನನ್ನ ಮಗಳು. ಈಗ ಎಂಟು ವರ್ಷ. ಹುಟ್ಟುವಾಗಲೇ ಮೇಲ್ದುಟಿ ಸೀಳಿತ್ತು, ಅಂಗುಳ ತೆರೆದಿತ್ತು, ನಾಲಿಗೆ ಹೋಳುಹೋಳಾಗಿತ್ತು. ಕೈಬೆರಳುಗಳು ಗಿಡ್ಡ, ಅವುಗಳಲ್ಲಿ ಎರಡು ಅಂಟಿಕೊಂಡಿದ್ದವು. ಅವನ್ನೆಲ್ಲ ಡಾಕ್ಟರುಗಳು ಕೊಯ್ದು ಹೊಲಿದು ಒಂದು ಮಟ್ಟಕ್ಕೆ ತಂದರು. ಅಂಗುಳದಲ್ಲಿ ಒಂದು ತೂತು ಮಾತ್ರ ಇನ್ನೂ ಉಳಿದಿದೆ. ಆದರೆ ಮಿದುಳಿಗೆ ಹೊಲಿಗೆ ಹಾಕಲು ಬರುವುದಿಲ್ಲ. ಎರಡು ಬದಿಯ ಮಿದುಳನ್ನು ಕೂಡಿಸುವ ಭಾಗ ಅವಳಲ್ಲಿ ಬೆಳೆದೇ ಇಲ್ಲವಂತೆ. ಮಾತು ಬಾರದು, ಆಗಾಗ ಫಿಟ್ಸ್ ಬರುತ್ತದೆ. ಬಸ್ಸಿನ ಹಾರ್ನ್ ಕೇಳಿದರೆ ಮಾತ್ರ ಮೈಯೆಲ್ಲ ಕುಲುಕಿಸಿ ನಗುತ್ತಾಳೆ. ಅದಕ್ಕೇ ಸಂಜೆ ಎಸ್.ಎಸ್. ಬಡಾವಣೆಯ ನಮ್ಮ ಮನೆಯಿಂದ ಮೇನ್ ರೋಡಿನವರೆಗೆ ಅವಳನ್ನು ಎತ್ತಿಕೊಂಡು ಹೋಗುತ್ತೇನೆ.

ಇದಕ್ಕೆಲ್ಲ ಕಾರಣ ಒಂದು ಈರುಳ್ಳಿ ಎಂದು ನಮ್ಮ ಮನೆಯಲ್ಲಿ ಎಂಟು ವರ್ಷ ನಂಬಿದ್ದರು. ನಾನು ಬಸುರಿಯಿದ್ದಾಗ ಗ್ರಹಣ ಬಂದಿತ್ತು. ಅಡಿಗೆಮನೆಯ ಗಡಿಯಾರ ಮುಂದೆ ಓಡುತ್ತಿತ್ತು. ಗ್ರಹಣ ಬಿಟ್ಟಿತು ಅಂದುಕೊಂಡು ನಾನು ಈರುಳ್ಳಿ ಹೆಚ್ಚಲು ಕೂತೆ, ಬಿಟ್ಟಿರಲಿಲ್ಲ. ಕೂಸಿನ ತುಟಿ ನೋಡಿದ ದಿನವೇ ಅತ್ತೆ ಈಳಿಗೆಮಣೆಯನ್ನು ಹಿತ್ತಲಿಗೆ ಎಸೆದರು. ಗಡಿಯಾರವನ್ನು ಮಾತ್ರ ಯಾರೂ ಬೈಯಲಿಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಮಂಡಿಪೇಟೆಯಲ್ಲಿ ಬೆಲ್ಲದ ಅಂಗಡಿ ಇಟ್ಟುಕೊಂಡಿರುವ ನನ್ನ ಗಂಡ ಒಳ್ಳೆಯವರೇ, ಆದರೆ ಅವರೂ ಒಂದು ದಿನ "ಹೋಗ್ಲಿ ಬಿಡು, ಈರುಳ್ಳಿ ವಿಷ್ಯ ಯಾಕ ಈಗ" ಅಂದರೇ ಹೊರತು ಅದು ಸುಳ್ಳು ಎಂದು ಹೇಳಲಿಲ್ಲ. ಜೋರುಬಾಯಿ ಎಂದು ಹೆಸರಾದವಳು ನಾನು. ಆ ವಿಷಯದಲ್ಲಿ ನನ್ನ ಬಾಯಿಯೂ ಏಳಲಿಲ್ಲ. ನಾನೂ ನಂಬಿದ್ದೆ.

ಈ ವರ್ಷ ಫಿಟ್ಸ್ ಹೆಚ್ಚಾಗಿ ಬೇರೊಬ್ಬ ಡಾಕ್ಟರಮ್ಮನಿಗೆ ತೋರಿಸಿದೆವು. ಪರೀಕ್ಷೆಗೆಂದು ಮಗಳ ಗದ್ದ ಹಿಡಿದು ಬಾಯಿ ತೆರೆಸಿದೆ. ಆಕೆ ಮಗಳ ಬಾಯಿ ನೋಡುವುದು ಬಿಟ್ಟು ನನ್ನ ಕೈ ನೋಡಿದರು. "ಈ ಕಿರುಬೆರಳು ಹುಟ್ಟಿದಾಗಿನಿಂದ ಹೀಗೇನಾ?"

"ಇದು ನಮ್ಮ ಮನೆತನದ ಬೆರಳ್ರಿ" ಅಂದೆ, ಹೆಮ್ಮೆಯಿಂದಲೇ. ನನ್ನ ಕಿರುಬೆರಳು ಗಿಡ್ಡ, ತುದಿ ಒಳಕ್ಕೆ ಬಾಗಿದೆ. ಅವ್ವನದೂ ಹಾಗೇ, ಅವಳ ಅವ್ವನದೂ ಹಾಗೇ ಇತ್ತು, ತಂಗಿಯದೂ ಹಾಗೇ. ನಮ್ಮಲ್ಲಿ ಅದಕ್ಕೆ ಲಕ್ಷ್ಮಿ ಬೆರಳು ಎನ್ನುತ್ತಾರೆ, ಕೈಗೆ ಬಂದದ್ದು ಸೋರಿಹೋಗುವುದಿಲ್ಲವಂತೆ. ನಮ್ಮನ್ನು ನೋಡಲು ಗಂಡಿನ ಕಡೆಯವರು ಬಂದಾಗ ಅವ್ವ ನಮ್ಮ ಕೈ ಎತ್ತಿ ತೋರಿಸಿದ್ದಳು.

ಡಾಕ್ಟರಮ್ಮ ನನ್ನ ನಾಲಿಗೆ ಹೊರಗೆ ಹಾಕಿಸಿದರು. ಅದರ ಅಂಚಿನಲ್ಲಿ ಒಂದು ಕಚ್ಚು ಇತ್ತು. ಅವ್ವನಿಗೆ ಬಸಿರು ನಿಲ್ಲುತ್ತಿರಲಿಲ್ಲವೇ ಎಂದು ಕೇಳಿದರು. ನಿಲ್ಲುತ್ತಿರಲಿಲ್ಲ. ನಾನು ಹುಟ್ಟಿದ ಮೇಲೆ, ತಂಗಿ ಹುಟ್ಟಿದ ಮೇಲೆ ಎಷ್ಟೋ ಬಸಿರು ಹೋಗಿದ್ದವು. ನನಗೂ ಒಂದು ಹೋಗಿತ್ತು. ರಕ್ತ ಪರೀಕ್ಷೆ ಆದ ಮೇಲೆ ಆಕೆ ಬಿಡಿಸಿ ಹೇಳಿದರು: ಇದು ತಾಯಿಯಿಂದ ಮಕ್ಕಳಿಗೆ ಇಳಿಯುವಂಥದ್ದು. ಹೆಣ್ಣಿಗೆ ಬಂದರೆ ಬದುಕುತ್ತದೆ, ಒಬ್ಬಳಿಗೆ ಬೆರಳಷ್ಟೇ ಬಾಗಬಹುದು, ಇನ್ನೊಬ್ಬಳು ನನ್ನ ಮಗಳ ಹಾಗಾಗಬಹುದು. ಗಂಡಿಗೆ ಬಂದರೆ ಹೊಟ್ಟೆಯಲ್ಲೇ ಹೋಗುತ್ತದೆ. ಈರುಳ್ಳಿ ಬಗ್ಗೆ ಕೇಳಿದೆ. ಆಕೆ ನಗಲಿಲ್ಲ. "ನೀವು ಏನೂ ತಪ್ಪು ಮಾಡಿಲ್ಲಮ್ಮ" ಅಂದರು.

ಎದೆ ಹಗುರಾಗಬೇಕಿತ್ತು. ಆಗಲಿಲ್ಲ, ಯಾಕೆಂದರೆ ತಂಗಿ ಆಗಲೇ ಬಸುರಿಯಾಗಿದ್ದಳು. ಡಾಕ್ಟರಮ್ಮನಿಗೆ ಅದನ್ನೂ ಹೇಳಿದೆ. ಅವಳ ಕೂಸಿಗೆ ಬರಬಹುದು, ಬರದೆಯೂ ಇರಬಹುದು, ಅಂಗುಳ ಸ್ಕ್ಯಾನಿಂಗಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಮೊದಲೇ ಗೊತ್ತಿದ್ದರೆ ಒಳ್ಳೆಯದು ಅಂದರು. ಅದು ಎಷ್ಟು ಒಳ್ಳೆಯದೆಂದು ನನಗೆ ಗೊತ್ತು. ನನ್ನ ಮಗಳು ಹುಟ್ಟಿದ ದಿನ ಮೊಲೆಹಾಲು ಮೂಗಿನಿಂದ ಬಂದು ನೀಲಿಗಟ್ಟಿದ್ದಳು, ಅಂಗುಳ ತೆರೆದದ್ದು ಯಾರಿಗೂ ತಿಳಿದಿರಲಿಲ್ಲ.

ಅವ್ವನಿಗೆ ಹೇಳಹೋದರೆ ಅರ್ಧಕ್ಕೇ ತಡೆದಳು. "ನಿನ್ನ ಕಾಲಿಗೆ ಬೀಳ್ತೀನಿ, ಅವಳ ಮುಂದೆ ಬಾಯಿ ಬಿಡಬ್ಯಾಡ. ಹೆದರಿ ಬಸಿರಿಗೆ ಏನಾರ ಆದ್ರೆ? ಹಡೆದ ಮ್ಯಾಲೆ ನೋಡಿದ್ರಾತು." ಬಸಿರು ಕಳಕೊಂಡವಳ ಹೆದರಿಕೆ ಅದು. ಸೆರಗಲ್ಲಿ ಕೆಂಡ ಕಟ್ಟಿಕೊಂಡಂತೆ ಸುಮ್ಮನಿದ್ದೆ. ಆದರೆ ಕೂಸನ್ನು ಬಿಟ್ಟು ಬಾ ಅಂದಾಗ ನನಗೆ ರೇಗಿತು. ರಕ್ತದಲ್ಲಿ ಇರುವುದನ್ನು ಮುಚ್ಚಿಟ್ಟು, ಕಣ್ಣಿಗೆ ಬೀಳುವುದನ್ನು ದೂರ ಇಡುವುದೆಂದರೆ ಏನು? ಮಗಳಿಗೆ ರೇಷ್ಮೆ ಲಂಗ ಹಾಕಿ ಬಸ್ಸು ಹತ್ತಿದೆ.

ಗುತ್ತೂರಿನ ತಂಗಿಯ ಮನೆ ತುಂಬ ಹೆಂಗಸರು. ನಾವು ಹೊಸಿಲು ದಾಟಿದ್ದೇ ಯಾರೋ ಒಬ್ಬರು ತಂಗಿಗೆ ಅಡ್ಡವಾಗಿ ಬಂದು ಕೂತರು. ಅವ್ವ ನನ್ನ ಮುಖ ನೋಡದೆ ಮಗಳನ್ನು ಎತ್ತಿಕೊಂಡು ಹಿಂದಿನ ಕೋಣೆಗೆ ಒಯ್ದಳು. ಬಳೆ ತೊಡಿಸಿದರು, ಉಡಿ ತುಂಬಿದರು, ಆರತಿ ಎತ್ತಿದರು. ನಾನೂ ಹಾಡಿದೆ. ನನ್ನ ಮಗಳು ಒಳಗೆ ಒಬ್ಬಳೇ ಕೂಗುವುದು ಕೇಳುತ್ತಿತ್ತು.

ಊಟ ಮುಗಿದ ಮೇಲೆ ಒಳಗೆ ಹೋಗಿ ಮಗಳನ್ನು ತೊಡೆಯ ಮೇಲಿಟ್ಟುಕೊಂಡು, ಹಾಲಲ್ಲಿ ಕಿವುಚಿದ ಅನ್ನ ಉಣಿಸಲು ಕೂತೆ. ತಂಗಿ ಬಂದು ಬಾಗಿಲು ಮುಂದೆ ಮಾಡಿದಳು. "ಅಕ್ಕ, ಏನೋ ಐತೆ. ಅವ್ವ ನನ್ನ ಕಣ್ಣು ತಪ್ಪಿಸ್ತಾಳೆ, ನೀನೂ ತಪ್ಪಿಸ್ತಿ. ಏನಂತ ಹೇಳು."

ಹೇಳಿದೆ. ಬೆರಳು, ನಾಲಿಗೆ, ಹೆಣ್ಣಿಗೆ ಬಂದರೆ ಏನು, ಗಂಡಿಗೆ ಬಂದರೆ ಏನು, ಎಲ್ಲ. ಅವಳು ಅಳುತ್ತಾಳೆ, ಇಲ್ಲ ನನ್ನನ್ನು ಹೊರಗೆ ಹೋಗು ಅನ್ನುತ್ತಾಳೆ ಅಂದುಕೊಂಡಿದ್ದೆ. ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕೂತೇ ಇದ್ದಳು. ಅಷ್ಟರಲ್ಲಿ ಬಾಗಿಲ ಸಂದಿಯಿಂದ ಅವ್ವನ ದನಿ ಬಂತು.

"ಹಂಗಾರೆ ನನ್ನ ಹೊಟ್ಟ್ಯಾಗೆ ಗಂಡು ಇದ್ವಾ?"

"ಇದ್ದಿರಬೇಕು ಅಂತಾರೆ, ಅವ್ವ. ಹೋದವು ಗಂಡೇ ಇರಬೇಕು."

"ಗಂಡು ಕಾಣದ ಹೊಟ್ಟೆ ಅಂತ ನಮ್ಮತ್ತೆ ಸಾಯೋ ತನಕ ಅಂದ್ಲು. ನಾನೂ ಹೌದು ಅಂದ್ಕಂಡಿದ್ದೆ. ಇದ್ವಲ್ಲ, ಇದ್ದು ಹೋದ್ವಲ್ಲ." ಅವ್ವ ಹೊಸಿಲ ಮೇಲೇ ಕೂತು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಅವಳ ಮೇಲಿದ್ದ ನನ್ನ ಸಿಟ್ಟೆಲ್ಲ ಎಲ್ಲಿ ಹೋಯಿತೋ. ಎಂಟು ವರ್ಷ ಈರುಳ್ಳಿ ಹೊತ್ತ ನನಗೆ ಅವಳು ಜೀವಮಾನವೆಲ್ಲ ಹೊತ್ತದ್ದು ಎಷ್ಟು ಭಾರ ಎಂದು ಅರ್ಥವಾಯಿತು.

ತಂಗಿ ಎದ್ದು ನನ್ನ ಪಕ್ಕಕ್ಕೆ ಬಂದು ಕೂತಳು. ಮಗಳನ್ನು ನನ್ನ ತೊಡೆಯಿಂದ ತನ್ನ ತೊಡೆಗೆ ಎಳೆದುಕೊಂಡಳು. "ಉಣ್ಸೋದು ಕಲಿಸು ಅಕ್ಕ" ಅಂದಳು. "ಹಂಗೇ ಹುಟ್ಟಿದ್ರೆ ನನಗೆ ಗೊತ್ತಿರಬೇಕಲ್ಲ."

ಹಾಗೇನೂ ಆಗುವುದಿಲ್ಲ ಎಂದು ಹೇಳಬೇಕೆನಿಸಿತು. ಬದಲಿಗೆ ಚಮಚ ಅವಳ ಕೈಗೆ ಕೊಟ್ಟೆ. "ತಲೆ ಎತ್ತಿ ಹಿಡ್ಕೊ. ಕೆನ್ನೆ ಕಡೆ ಹಾಕು, ಸ್ವಲ್ಪೇ ಹಾಕು."

ಮೊದಲ ಚಮಚದ ಅನ್ನ ಮಗಳ ಮೂಗಿನಿಂದ ಹೊರಬಂತು. ತಂಗಿ ಗಾಬರಿಯಾಗಿ ಹೊಸ ಸೀರೆಯ ಸೆರಗಿನಿಂದಲೇ ಅವಳ ಮೂಗು ಒರೆಸಿದಳು.

"ನಾ ತಪ್ಪು ಮಾಡಿದ್ನಾ?"

"ಇಲ್ಲ" ಅಂದೆ. "ಏನೂ ತಪ್ಪು ಮಾಡಿಲ್ಲ. ಇನ್ನೊಂದು ಹಾಕು."