ಕುಳ್ಳ ರಾಕ್ಷಸರಿಗೆ ವಿಭೂತಿ

ಕೆಲವು ವರ್ಷಗಳ ಹಿಂದೆ ನಾನು ಮತ್ತು ನನ್ನ ಗೆಳತಿ ದಾಂಡೇಲಿಯ ಕಾಗದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಒಟ್ಟಿಗೆ ಕೆಲಸ ಮಾಡುತ್ತಿದ್ದೆವು. ಒಮ್ಮೆ ಪಣಜಿಗೆ ಹೋದಾಗ ಆಟಿಕೆ ಅಂಗಡಿಯೊಂದರಲ್ಲಿ ಇಬ್ಬರೂ ಒಂದೊಂದು ಪೆಟ್ಟಿಗೆ ಕೊಂಡೆವು. ಒಳಗೆ ಹೆಬ್ಬೆರಳಿನ ಅರ್ಧದಷ್ಟಿದ್ದ ಬೂದು ಪ್ಲಾಸ್ಟಿಕ್ಕಿನ ಸೈನಿಕರು. ಮೇಜಿನ ಮೇಲೆ ಎರಡು ಸೈನ್ಯಗಳನ್ನು ಎದುರುಬದುರು ನಿಲ್ಲಿಸಿ, ಅಳತೆಪಟ್ಟಿ ಇಟ್ಟು ಮುಂದೆ ಸರಿಸಿ, ದಾಳ ಉರುಳಿಸಿ ಕಾದಾಡುವ ಆಟ. ನನ್ನ ಪಾಲಿಗೆ ಕೋರೆಹಲ್ಲಿನ ಕುಳ್ಳ ರಾಕ್ಷಸರು ಬಂದರು, ಅವಳ ಪಾಲಿಗೆ ಕುದುರೆ ಸವಾರರು. ಬಣ್ಣ ನಾವೇ ಹಚ್ಚಬೇಕಿತ್ತು. ಬಣ್ಣವಿಲ್ಲದವರನ್ನು ಕಣಕ್ಕಿಳಿಸಬಾರದೆಂದು ಮಾತಾಡಿಕೊಂಡೆವು.

ಆ ಮಾತಿನಿಂದಲೇ ಆಟ ನಿಂತುಹೋಯಿತು. ನಾನು ಬಾಗಿಲಿಗೆ ಬಳಿಯುವ ಆಯಿಲ್ ಪೇಂಟ್ ತಂದು ಇಬ್ಬರಿಗೆ ಹಚ್ಚಿ ನೋಡಿದೆ. ಕಣ್ಣು, ಮೂಗು, ಹಲ್ಲು ಎಲ್ಲ ಮುಳುಗಿ ಅವರು ಕರಗಿದ ಬೆಲ್ಲದ ಹೆಂಟೆಯಂತಾದರು. ಬೇಸರವಾಗಿ ಪೆಟ್ಟಿಗೆಯನ್ನು ಕಪಾಟಿನ ಮೇಲೆ ಎಸೆದೆ. ಅಷ್ಟರಲ್ಲಿ ಗೆಳತಿಯ ಗಂಡನಿಗೆ ಮುಂಡಗೋಡಕ್ಕೆ ವರ್ಗವಾಯಿತು. ಅವಳು ಕೆಲಸ ಬಿಟ್ಟು ಹೋದಳು.

ಕಳೆದ ಡಿಸೆಂಬರಿನಲ್ಲಿ ಅವಳ ಫೋನು ಬಂತು. "ನಿನ್ನ ಮಂದಿ ಇನ್ನೂ ಅದಾರೋ, ಇರಿವಿ ತಿಂದು ಹೋದ್ವೋ?" ಎಂದು ಕೇಳಿದಳು. ಸಂಕ್ರಾಂತಿ ರಜೆಗೆ ಸೈನ್ಯ ಕಟ್ಟಿಕೊಂಡು ಬಾ, ಈ ಸಲ ಆಡಿಯೇ ಬಿಡೋಣ ಎಂದಳು.

ಪೆಟ್ಟಿಗೆ ಇಳಿಸಿದೆ. ಈಟಿಗಳು ಬಾಗಿದ್ದವು, ಒಬ್ಬನ ಕೈಯೇ ಇರಲಿಲ್ಲ, ಜೇಡ ಮೊಟ್ಟೆ ಇಟ್ಟಿತ್ತು. ನನ್ನ ಜೊತೆಯಲ್ಲೇ ಇರುವ ಅವ್ವ ಒಮ್ಮೆ ನೋಡಿ, ಇಂಥ ಕುರೂಪಿಗಳನ್ನು ರೊಕ್ಕ ಕೊಟ್ಟು ತಂದೆಯಾ ಎಂದಳು. ಅವ್ವ ತೇರಗಾಂವದವಳು. ಕಸೂತಿ ಹಾಕಿ ಹಾಕಿ ಅವಳ ಬೆರಳು ಇಂದಿಗೂ ನಡುಗುವುದಿಲ್ಲ, ನಾಲಿಗೆಯೂ ಅಷ್ಟೇ. ಬಿಸಿನೀರಲ್ಲಿ ಅದ್ದಿದರೆ ಈಟಿ ನೆಟ್ಟಗಾಗುತ್ತದೆ ಎಂದು ನಾನು ಹೇಳಿದ್ದೇ ತಪ್ಪಾಯಿತು. ಚಹಾದ ಪಾತೇಲಿ ಮುಟ್ಟಬೇಡ ಎಂದು ಬೈದು, ಹಳೆಯ ತಂಬಿಗೆಯೊಂದನ್ನು ತಾನೇ ತಂದುಕೊಟ್ಟಳು.

ಈ ಸಲ ಬ್ರಷ್ಷು ಮುಟ್ಟುವ ಮೊದಲು ಮೊಬೈಲಿನಲ್ಲಿ ಹತ್ತಾರು ವಿಡಿಯೋ ನೋಡಿದ್ದೆ. ಆಟೋ ಬಿಡಿಭಾಗಗಳ ಅಂಗಡಿಯಿಂದ ಕಪ್ಪು ಮತ್ತು ಬಿಳಿ ಸ್ಪ್ರೇ ಡಬ್ಬಿ ತಂದೆ. ಹಲಗೆಯೊಂದಕ್ಕೆ ಸೈನಿಕರನ್ನು ಸಾಲಾಗಿ ಅಂಟಿಸಿ ಬೆಳಗ್ಗೆ ಏಳಕ್ಕೇ ಹಿತ್ತಲಲ್ಲಿ ಕಪ್ಪು ಹೊಡೆದೆ. ಕಾಳಿ ನದಿಯ ಮಂಜು ಇನ್ನೂ ಕರಗಿರಲಿಲ್ಲ. ಬಣ್ಣ ಅಂಟುವ ಬದಲು ರವೆಯಂತೆ ಉದುರುದುರಾಗಿ ಕೂತಿತು. ಐದು ಮಂದಿ ಹಾಳಾದರು. ಉಳಿದವರನ್ನು ಚುರುಕು ಬಿಸಿಲು ಬಂದ ಮೇಲೆ ಹೊರಗೆ ತಂದೆ. ಕಪ್ಪು ಒಣಗಿದ ನಂತರ ಮೇಲಿನಿಂದ ಓರೆಯಾಗಿ ಬಿಳಿ ಸಿಂಪಡಿಸಿದೆ. ತಲೆ, ಭುಜ, ಮೂಗಿನ ತುದಿ ಬೆಳ್ಳಗಾದವು. ಕಂಕುಳು, ಗದ್ದದ ಕೆಳಗೆ ಕಪ್ಪು ಉಳಿಯಿತು.

ಬಟ್ಟೆ ಒಣಹಾಕಲು ಬಂದ ಅವ್ವ ಬಗ್ಗಿ ನೋಡಿದಳು. "ನಡುಮಧ್ಯಾಹ್ನ ಬಿಸಲಾಗ ನಿಂತವರಂಗ ಕಾಣ್ತಾರಲ್ಲ" ಎಂದಳು. ಬಕೆಟ್ಟು ಅಲ್ಲೇ ಇಟ್ಟು ಕೂತುಬಿಟ್ಟಳು.

ಮುಂದಿನದು ಶಾಯಿ. ಕಾರ್ಖಾನೆಯಲ್ಲಿ ನನ್ನ ಕೆಲಸವೇ ಶಾಯಿ ಕಾಗದದಲ್ಲಿ ಹರಡದಂತೆ ನೋಡಿಕೊಳ್ಳುವುದು. ಹರಡಿದರೆ ಆ ಕಾಗದ ನಪಾಸು. ಇಲ್ಲಿ ಹರಡಲೇಬೇಕು. ಕಂದು ಶಾಯಿಗೆ ನೀರು ಬೆರೆಸಿ, ಪಾತ್ರೆ ತಿಕ್ಕುವ ಸೋಪಿನ ಒಂದು ಹನಿ ಹಾಕಿ, ಒಬ್ಬನ ತಲೆಯ ಮೇಲೆ ಬಿಟ್ಟೆ. ಅದು ತಾನಾಗಿ ಇಳಿದು ಹುಬ್ಬಿನ ಗೀರಿಗೆ, ಹಲ್ಲಿನ ಸಂದಿಗೆ, ಕವಚದ ಬೆಸುಗೆಗೆ ಸೇರಿಕೊಂಡಿತು. ನೋಡನೋಡುತ್ತಲೇ ಅವನಿಗೆ ಸಿಟ್ಟು ಬಂತು. ಇಷ್ಟು ವರ್ಷ ಮುಖವೇ ಇಲ್ಲದೆ ಬಿದ್ದಿದ್ದವನು ನನ್ನನ್ನು ದುರುಗುಟ್ಟಿ ನೋಡುತ್ತಿದ್ದ. ನಾನು ಒಬ್ಬಳೇ ನಕ್ಕೆ. ಅಂದು ಊಟದ ಹೊತ್ತು ಮೀರಿದ್ದೇ ಗೊತ್ತಾಗಲಿಲ್ಲ.

ಮರುದಿನ ಎರಡನೇ ಪಾಳಿ ಮುಗಿಸಿ ಬಂದಾಗ ಅವ್ವನ ಮುಖ ಸಣ್ಣಗಾಗಿತ್ತು. ರಾಕ್ಷಸರ ನಾಯಕನ ಮೇಲೆ ಧೂಳು ಕೂತಿದೆಯೆಂದು ಒದ್ದೆ ಬಟ್ಟೆಯಿಂದ ಒರೆಸಿದ್ದಳಂತೆ, ಬಣ್ಣ ಬಟ್ಟೆಗೆ ಹತ್ತಿಬಿಟ್ಟಿತಂತೆ. ತೆಗೆದುಕೊಂಡು ನೋಡಿದೆ. ಉಬ್ಬಿದ ಕಡೆ ಮಾತ್ರ ಶಾಯಿ ಹೋಗಿ ಕೆನ್ನೆ, ಗೆಣ್ಣು, ಕವಚದ ಅಂಚು ಹೊಳೆಯುತ್ತಿದ್ದವು. ಸಾಲಿನಲ್ಲಿದ್ದ ಯಾರೂ ಅವನಷ್ಟು ಚೆಂದ ಇರಲಿಲ್ಲ. "ಅವ್ವಾ, ಎಲ್ಲಾರಿಗೂ ಹಿಂಗ ಮಾಡು" ಎಂದೆ. ಅಣಕಿಸುತ್ತಿದ್ದೇನೆ ಎಂದುಕೊಂಡು ಅವಳು ಒದ್ದೆ ಬಟ್ಟೆಯನ್ನು ಬದಿಗೆ ಎಸೆದಳು. ನಂಬಿಸಿದ ಮೇಲೆ ಒರೆಸುವ ಕೆಲಸ ಪೂರ್ತಿ ಅವಳದಾಯಿತು.

ಅಲ್ಲಿಗೆ ನಿಲ್ಲಲಿಲ್ಲ. ಒಂದು ಸಂಜೆ ಅವಳು ಸಣ್ಣ ಬ್ರಷ್ಷಿನಿಂದ ಗುರಾಣಿಗಳ ಮೇಲೆ ಮೂರು ಬಿಳಿ ಗೆರೆ ಎಳೆಯುತ್ತಿದ್ದಳು. ಕೂದಲೆಳೆಯಷ್ಟು ಸಣ್ಣ ಗೆರೆಗಳು.

"ರಾಕ್ಷಸರಿಗೆ ವಿಭೂತಿ ಹಚ್ಚತಾರೇನ ಅವ್ವಾ?"

"ಯಾಕ ಹಚ್ಚಬಾರದು? ರಾವಣ ಯಾರನ್ನ ಪೂಜಿ ಮಾಡ್ತಿದ್ದ?"

ನಾಯಕನಿಗೆ ಇಳಕಲ್ ಸೀರೆಯ ಕೆಂಪು ಸೆರಗಿನಂಥ ಹೊದಿಕೆಯೂ ಆಯಿತು. ಕೈಯಿಲ್ಲದವನನ್ನು ಬಿಡೋಣವೆಂದರೆ ಅವ್ವ ಒಪ್ಪಲಿಲ್ಲ. ಬೆಂಕಿಕಡ್ಡಿ ಕೆತ್ತಿ ಕೈ ಮಾಡಿಸಿದಳು.

ಸಂಕ್ರಾಂತಿಯ ಮರುದಿನ ಸೈನ್ಯವನ್ನು ಹತ್ತಿಯಲ್ಲಿ ಸುತ್ತಿ ಎಳ್ಳುಂಡಿ ಡಬ್ಬಿಯಲ್ಲಿಟ್ಟುಕೊಂಡು ನಾನು, ಅವ್ವ ಇಬ್ಬರೂ ಮುಂಡಗೋಡದ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಡಬ್ಬಿ ಅವ್ವನ ತೊಡೆಯ ಮೇಲೇ ಇತ್ತು. ಗೆಳತಿಯ ಮನೆ ಟಿಬೆಟನ್ ಕಾಲೊನಿಯ ರಸ್ತೆಯಲ್ಲಿದೆ. ಮೇಜಿನ ಮೇಲೆ ಹಸಿರು ಬಟ್ಟೆ ಹಾಸಿ, ಮೆಕ್ಕೆಜೋಳದ ದಿಂಡುಗಳನ್ನು ನಿಲ್ಲಿಸಿ ಕಾಡು ಮಾಡಿದ್ದಳು. ಆದರೆ ಅವಳ ಸವಾರರಲ್ಲಿ ನಾಲ್ವರಿಗೆ ಮಾತ್ರ ಬಣ್ಣವಾಗಿತ್ತು. ಉಳಿದವರು ಬೂದು ಬಣ್ಣದಲ್ಲೇ ನಿಂತಿದ್ದರು.

"ಹೊತ್ತು ಸಿಗಲಿಲ್ಲ" ಎಂದು ತಲೆ ಕೆರೆದುಕೊಂಡಳು. ನಾನು ಹಳೆಯ ಮಾತಿನಂತೆ ಬಣ್ಣ ಹಚ್ಚಿದ ನಾಲ್ವರನ್ನೇ ಇಳಿಸು ಎಂದೆ. ಗೆಲುವು ಕೈಯಲ್ಲೇ ಇತ್ತು. ಅವ್ವ ನನ್ನನ್ನು ಗದರಿದಳು. "ನಾಕು ಮಂದಿನ್ನ ಹೊಡದ್ರ ಅದೇನ್ ಯುದ್ಧ ಆಕ್ಕೈತಿ? ಶಾಯಿ ತಗಿ" ಎಂದಳು.

ಶಾಯಿ ಶೀಸೆ ನನ್ನ ಚೀಲದಲ್ಲೇ ಇತ್ತು. ಬಿಳಿ ಸ್ಪ್ರೇ ಗೆಳತಿಯ ಮನೆಯಲ್ಲಿ ಸಿಕ್ಕಿತು. ಆ ದಿನ ಉಳಿದ ಹೊತ್ತೆಲ್ಲ ಮೂವರೂ ಅಂಗಳದಲ್ಲಿ ಕೂತು ಶತ್ರುಗಳಿಗೆ ಬಣ್ಣ ಹಚ್ಚಿದೆವು. ಕುದುರೆಗಳಿಗೆ ಕಂದು ಶಾಯಿ ನಾನು ಬಿಟ್ಟೆ, ಉಬ್ಬುಗಳನ್ನು ಅವ್ವ ಒರೆಸಿದಳು, ಲಗಾಮುಗಳನ್ನು ಗೆಳತಿ ಬಿಡಿಸಿದಳು. ಪ್ರಯೋಗಾಲಯದ ಹಳೆಯ ಕಥೆಗಳೆಲ್ಲ ಹೊರಬಂದವು. ಅವಳು ಹೋದ ಮೇಲೆ ನಾನು ಒಬ್ಬಳೇ ಊಟದ ಡಬ್ಬಿ ಬಿಚ್ಚುತ್ತಿದ್ದುದನ್ನು ಅಂದು ಮೊದಲ ಸಲ ಹೇಳಿದೆ. ಅವಳು ನನ್ನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು.

ಮರುದಿನ ಬೆಳಗ್ಗೆ ಯುದ್ಧ ನಡೆಯಿತು. ನನ್ನ ಪರವಾಗಿ ದಾಳ ಉರುಳಿಸಿದ್ದು ಅವ್ವ. ಮಧ್ಯಾಹ್ನದೊಳಗೆ ಸವಾರರು ನಮ್ಮನ್ನು ಮೇಜಿನ ಅಂಚಿಗೆ ತಳ್ಳಿ ಮುಗಿಸಿದರು. ನಾನು ಮುಖ ಗಂಟಿಕ್ಕಿದ್ದೆ. ಅವ್ವ ಮಾತ್ರ ಬಿದ್ದ ರಾಕ್ಷಸರನ್ನು ಒಬ್ಬೊಬ್ಬರನ್ನಾಗಿ ಎತ್ತಿ ನಿಲ್ಲಿಸುತ್ತ, ಎದುರಿನ ಕುದುರೆಗಳನ್ನು ತೋರಿಸಿ, "ಅವಕ್ಕ ಬಣ್ಣ ಹಚ್ಚಿದವರೂ ನಾವ ಅಲ್ಲೇನು" ಎಂದು ಹಿಗ್ಗಿನಿಂದ ಇನ್ನೊಂದು ಆಟ ಹೂಡಲು ಹೇಳಿದಳು.