ಚೌಕಟ್ಟು ತುಂಬಿದವಳು

ಸ್ಟುಡಿಯೋ ಅಕ್ಕ ಎಂದರೆ ಬೀದಿಗೆಲ್ಲ ಗೊತ್ತು. "ಗದ್ದ ಸ್ವಲ್ಪ ಕೆಳಗೆ, ಭುಜ ಸಡಿಲ ಬಿಡಿ, ಹಾಂ, ಈಗ ನೋಡಿ!" ಎಂದು ಗದರುತ್ತಲೇ ಅಳುಮೋರೆಯ ಗುಮಾಸ್ತನನ್ನೂ ಮದುಮಗನನ್ನಾಗಿ ಮಾಡಿಬಿಡುತ್ತಾಳೆ. ಆದರೆ ಅವಳದೇ ಫೋಟೋ ಒಂದೂ ಇರಲಿಲ್ಲ. ತಂಗಿಯ ಮದುವೆಯಲ್ಲಿ ಮನೆಯವರೆಲ್ಲ ಫೋಟೋಗೆ ನಿಂತಾಗ ಅಮ್ಮ, "ನೀನು ಆಚೆ ನಿಲ್ಲೇ, ನೀನು ಬಂದ್ರೆ ಬೇರೆಯವ್ರಿಗೆ ಜಾಗ ಸಾಲಲ್ಲ" ಎಂದು ನಕ್ಕಿದ್ದಳು; ಅಂದಿನಿಂದ ಅವಳು ಕ್ಯಾಮೆರಾದ ಹಿಂದೆಯೇ. ಈಚೆಗೆ ಮಾತ್ರ ದಿನಾ ಬೆಳಿಗ್ಗೆ, ಅಂಗಡಿ ತೆರೆಯುವ ಮೊದಲು, ಟೈಮರ್ ಒತ್ತಿ ಸ್ಟೂಲಿನತ್ತ ಓಡತೊಡಗಿದಳು. ಟೈಮರಿಗೆ ಹತ್ತು ಸೆಕೆಂಡು, ಅವಳಿಗೆ ಹನ್ನೊಂದು. ಮೊದಲ ತಿಂಗಳು ಸಿಕ್ಕಿದ್ದೆಲ್ಲ ಬರೀ ಬೆನ್ನು, ಹಾರುವ ಜಡೆ. ಆ ಬೆನ್ನನ್ನೇ ದಿಟ್ಟಿಸಿ, "ಪರವಾಗಿಲ್ಲ, ಗಟ್ಟಿ ಬೆನ್ನು" ಎಂದುಕೊಂಡಳು. ಆಮೇಲೆ ಒಂದು ತೋಳು ಬಂತು, ಇನ್ನೊಂದು ದಿನ ಅರ್ಧ ನಗು. ಗಿರಾಕಿಗಳ ಫೋಟೋಗಳಲ್ಲಿ ಮೊಡವೆ ಅಳಿಸಿ ಪಳಗಿದ ಕೈ ಅವಳ ಜೋಡಿ ಗದ್ದವನ್ನು ಮುಟ್ಟಲಿಲ್ಲ. ಮೊನ್ನೆ ಅವಳು ಓಡಲೇ ಇಲ್ಲ. ಸ್ಟೂಲನ್ನೇ ಕ್ಯಾಮೆರಾದ ಹತ್ತಿರಕ್ಕೆ ಎಳೆದುಕೊಂಡು ಕೂತಳು. ಆ ಫೋಟೋ ಈಗ ಅಂಗಡಿಯ ಗಾಜಿನ ಹಿಂದೆ, ಮೊದಲು ಯಾರೋ ಮದುಮಗಳ ಫೋಟೋ ಇದ್ದ ಜಾಗದಲ್ಲಿದೆ. ಅಮ್ಮ ಗಾಜಿಗೆ ಮೂಗು ಒತ್ತಿ, "ಅಯ್ಯೋ, ಚೌಕಟ್ಟಿನ ತುಂಬಾ ನೀನೇ ಇದ್ದೀಯಲ್ಲೇ!" ಎಂದಳು. "ಹೂಂ ಅಮ್ಮ," ಎಂದಳು ಅಕ್ಕ, "ಈ ಸಲ ಜಾಗ ಸಾಲ್ತು."