ಗಾಡಿ ಲೇಟ್ ಬರಲಿ ಎಂದವನು ನಾನೇ

ನಿನ್ನ ಚಿತ್ರದ ಆ ಮಾತು ಸುಳ್ಳು ಎಂದು ಪತ್ರಿಕೆಯಲ್ಲಿ ಬರೆದವನು ನಾನು, ಜಗದೇವಿ. ಅದು ನಿಜ ಎಂದು ಗೊತ್ತಿದ್ದವರು ಮೂವರೇ — ನೀನು, ನನ್ನ ಹೆಂಡತಿ ಸುವರ್ಣಾ, ಮತ್ತು ನಾನು. ಬಾಯಿ ಬಿಡಬೇಕಾದವನು ನಾನು. ಬಿಡಲಿಲ್ಲ.

ಓದುವವರಿಗೂ ತಿಳಿಯಲಿ ಎಂದು ನಿನಗೆ ಗೊತ್ತಿರುವುದನ್ನೇ ಹೇಳುತ್ತೇನೆ. ಸೇಡಂ ಕಾಲೇಜಿನಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದ ನೀನು ಆರು ವರ್ಷ ಒದ್ದಾಡಿ ಒಂದು ಪ್ರೇಮದ ನಗೆಚಿತ್ರ ಮಾಡಿದೆ. ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ನಾಯಕ, ಮೈಯೆಲ್ಲ ಬಿಳಿ ಪುಡಿ. ದಿನಾ ಗಾಡಿಯಲ್ಲಿ ಶಾಲೆಗೆ ಹೋಗುವ ಟೀಚರಮ್ಮನಿಗೆ ಅವನ ಮೇಲೆ ಮನಸ್ಸು, ಆದರೆ ಅವನು ಮುಖ ತೊಳೆದು ಬಂದರೆ ಅವಳಿಗೆ ಗುರುತೇ ಸಿಗುವುದಿಲ್ಲ. ಅದಕ್ಕೇ ಅವನು ಹೊಸ ಅಂಗಿಯ ಮೇಲೂ ಪುಡಿ ಬಳಿದುಕೊಂಡು ವಾಡಿ ಸ್ಟೇಶನ್ನಿಗೆ ಹೋಗಿ ಅವಳಿಗೆ ಹೇಳುತ್ತಾನೆ: “ನಿಮ್ಮ ಗಾಡಿ ದಿನಾ ಲೇಟ್ ಬರ್ಲಿ ಅಂತ ಬೇಡ್ಕೊಳ್ಳಾಕತ್ತೀನಿ ನೋಡ್ರಿ.”

ಆ ಮಾತು ನನ್ನದು. ಮದುವೆಗೆ ಮುಂಚೆ, ಅದೇ ವಾಡಿಯ ಪ್ಲಾಟ್‌ಫಾರ್ಮಿನಲ್ಲಿ, ಚಿತ್ತಾಪುರದ ಶಾಲೆಗೆ ಹೋಗಲು ಗಾಡಿ ಕಾಯುತ್ತಿದ್ದ ಸುವರ್ಣಾಳಿಗೆ ನಾನೇ ಹೇಳಿದ್ದು. ನೀನು ಮನೆಗೆ ಬಂದಾಗ ಅವಳು ಚಹಾ ಸೋಸುತ್ತ ನಿನ್ನೊಬ್ಬಳಿಗೆ ಹೇಳಿದ್ದಳು. ಚಿತ್ರಕ್ಕೆ ಬಳಸಿಕೊಳ್ಳಲೇ ಎಂದು ಆಮೇಲೆ ನೀನು ಫೋನ್ ಮಾಡಿ ಕೇಳಿದೆ. ತೊಗೋವಾ ಎಂದಿದ್ದೆ.

ಕಲಬುರಗಿಯ ಟಾಕೀಜಿನಲ್ಲಿ ಆ ಮಾತು ಬಂದಾಗ ಸುವರ್ಣಾ ನನ್ನ ಕೈ ಚಿವುಟಿದಳು. ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಬೆಂಗಳೂರಿನ ವಿಮರ್ಶೆಗಳು ಬಂದವು. ವಾಡಿಯಲ್ಲಿ ಒಮ್ಮೆಯೂ ಗಾಡಿ ಬದಲಿಸದ ಜನ — ಒಬ್ಬ ಭಾಷೆ ಒರಟು ಎಂದ, ಇನ್ನೊಬ್ಬ ಈ ಭಾಷೆಯಲ್ಲಿ ಜಗಳವಾಡಬಹುದು, ಪ್ರೀತಿಸಲಾಗದು ಎಂದ. ಓದಿ ಮೈ ಉರಿಯಿತು. ಉರಿದು ನಾನು ಮಾಡಿದ್ದೇನು? ಪತ್ರಿಕೆಯವರು ಫೋನ್ ಮಾಡಿ, ನೀವು ಆ ಭಾಗದವರು, ನೀವೂ ಬರೆಯಿರಿ ಎಂದರು. ಆ ಬೆಂಗಳೂರು ವಿಮರ್ಶಕರ ಸಾಲಿನಲ್ಲಿ ಕೂರುವ ಆಸೆ — ಹಳ್ಳಿ ಮೇಷ್ಟ್ರು ಅನ್ನಿಸಿಕೊಳ್ಳುವ ಭಯ — ಥೂ. ಬರೆದೆ: “ಈ ಭಾಗದವನಾಗಿ ಹೇಳುತ್ತೇನೆ, ನಮ್ಮಲ್ಲಿ ಯಾರೂ ಹೀಗೆ ಪ್ರೀತಿ ಹೇಳಿಕೊಳ್ಳುವುದಿಲ್ಲ.”

ಅಲ್ಲಿಯವರೇ ಒಪ್ಪಿದ್ದಾರಲ್ಲ ಎಂದು ಎಲ್ಲರೂ ನನ್ನ ಸಾಲನ್ನು ಎತ್ತಿಕೊಂಡರು. ಒಂದೇ ವಾರದಲ್ಲಿ ಚಿತ್ರ ಟಾಕೀಜು ಬಿಟ್ಟಿತು. ತನ್ನ ಊರಿನ ಜನರನ್ನೇ ಅರಿಯದವಳು ಎಂದು ನಿನ್ನನ್ನು ಆಡಿಕೊಂಡರು. ಇದು ನಮ್ಮ ಸರ್ ಹೇಳಿದ್ದು ಎಂದು ನೀನು ಒಂದು ಮಾತು ಅಂದಿದ್ದರೆ ನನ್ನ ಮಾನ ಹೋಗುತ್ತಿತ್ತು. ನೀನು ಅನ್ನಲಿಲ್ಲ. ಯಾಕೆ ಅನ್ನಲಿಲ್ಲ ಎಂದು ನಿನ್ನ ಮೇಲೂ ಸಿಟ್ಟು ಬರುತ್ತದೆ — ನೋಡು, ಈಗಲೂ ತಪ್ಪನ್ನು ನಿನ್ನ ತಲೆಗೇ ಕಟ್ಟಲು ಹೊರಟಿದ್ದೇನೆ.

ಅವತ್ತು ಸುವರ್ಣಾ ಪತ್ರಿಕೆ ಓದಿ, ಮಡಚಿಟ್ಟು, ಕೇಳಿದಳು: “ಹಂಗಾದ್ರ ನನಗ ಹೇಳಿದಾಂವ ಯಾರ್ರಿ?”

ನಾನು ಚಪ್ಪಲಿ ಮೆಟ್ಟಿ ಹೊರಗೆ ಹೋದೆ. ಅವಳು ಮತ್ತೆ ಕೇಳಲಿಲ್ಲ. ನಾಲ್ಕು ವರ್ಷವಾಯಿತು. ಮೊದಲೆಲ್ಲ ಗಾಡಿ ತಡವಾದಾಗ ಯಾರೋ ಬೇಡ್ಕೊಂಡಾರ ಎಂದು ನನ್ನತ್ತ ನೋಡಿ ನಗುತ್ತಿದ್ದವಳು, ಈಗ ಸುಮ್ಮನೆ ಗಡಿಯಾರ ನೋಡುತ್ತಾಳೆ.

ನಿನ್ನ ಹೊಸ ಚಿತ್ರದಲ್ಲಿ ಎಲ್ಲರೂ ಬೆಂಗಳೂರಿನ ಮಾತೇ ಆಡುತ್ತಾರಂತೆ. ಆ ಸುದ್ದಿ ಕೇಳಿದ ದಿನ ಇದನ್ನು ಬರೆಯಲು ಕೂತೆ. ಅದೇ ಪತ್ರಿಕೆಗೆ, ನನ್ನ ಹೆಸರು ಹಾಕಿಯೇ ಕಳಿಸುತ್ತಿದ್ದೇನೆ. ಕಳಿಸುವ ಮುಂಚೆ ಸುವರ್ಣಾಳಿಗೆ ಓದತೊಡಗಿದೆ. ಅರ್ಧಕ್ಕೇ ತಡೆದಳು.

“ನನ್ನ ಮುಂದ ಓದಬ್ಯಾಡ್ರಿ. ಆಕಿ ಮುಂದ ಓದ್ರಿ.”

ನಾಳೆ ಬೆಳಿಗ್ಗೆ ನಿನ್ನೂರಿಗೆ, ಸೇಡಂ ಗಾಡಿ ಹತ್ತುತ್ತೇನೆ, ಜಗದೇವಿ. ನೀನು ಬಾಗಿಲು ತೆಗೆಯಬೇಕಿಲ್ಲ. ಹೊರಗೆ ನಿಂತೇ ಓದುತ್ತೇನೆ — ನಿನ್ನ ಓಣಿಯವರಿಗೆಲ್ಲ ಕೇಳುವಂತೆ, ನಮ್ಮ ಮಾತಿನಲ್ಲೇ.